ಯಾವ ಇಂಡೀ ಗೇಮ್ ಆಡಲಿ ಅಂತ ಕೇಳುವವರಿಗೆ

"ಒಂದು ಒಳ್ಳೆ ಇಂಡೀ ಗೇಮ್ ಇದ್ರೆ ಹೇಳಿ." ನಾನು ಗೇಮ್ ಆಡುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಮಾತಿದು. ಇಂಡೀ ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ತಂಡಗಳು ಮಾಡುವ ಗೇಮ್. ಉತ್ತರ ಹೇಳುವ ಮುಂಚೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ: ನೀವು ಅರ್ಧಕ್ಕೆ ಬಿಟ್ಟ ಗೇಮ್ ಯಾವುದು? ಯಾಕೆ ಬಿಟ್ಟಿರಿ?

ಇಷ್ಟದ ಗೇಮ್ ಯಾವುದು ಅಂದರೆ ಹೆಚ್ಚಿನವರು ಅವೇ ನಾಲ್ಕೈದು ಹೆಸರು ಹೇಳುತ್ತಾರೆ. ಬಿಟ್ಟ ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ಸಣ್ಣ ತಂಡದವರು ಸಾಮಾನ್ಯವಾಗಿ ಒಂದೇ ಯೋಚನೆಯನ್ನು ಹಿಡಿದು ಕೊನೆವರೆಗೂ ಹೋಗುತ್ತಾರೆ. ಆ ಯೋಚನೆ ನಿಮಗೆ ಒಗ್ಗಿದರೆ ಗೇಮ್ ನಿಮ್ಮದು. ಒಗ್ಗದಿದ್ದರೆ ಎಷ್ಟು ಪ್ರಶಸ್ತಿ ಬಂದಿದ್ದರೂ ಪ್ರಯೋಜನವಿಲ್ಲ.

"ಮ್ಯಾಪ್ ತುಂಬಾ ಗುರುತುಗಳು, ಅಲ್ಲಿ ಹೋಗು, ಇಲ್ಲಿ ಹೋಗು, ಸಾಕಾಯ್ತು" ಅನ್ನುವವರಿಗೆ ನಾನು ಯೋಚಿಸದೆ ಹೇಳುವ ಹೆಸರು ಔಟರ್ ವೈಲ್ಡ್ಸ್. ಅಲೆಕ್ಸ್ ಬೀಚಮ್ ವಿದ್ಯಾರ್ಥಿಯಾಗಿದ್ದಾಗ ಶುರು ಮಾಡಿದ ಪ್ರಾಜೆಕ್ಟ್ ಇದು. ಪೂರ್ತಿ ಗೇಮ್ ಆಗಿ ಬಂದದ್ದು 2019ರಲ್ಲಿ. ಪುಟ್ಟದೊಂದು ಸೌರಮಂಡಲ, ನಿಮಗೊಂದು ನೌಕೆ. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ. ನೀವು ಮತ್ತೆ ಗೇಮ್ ಶುರುವಾದ ಅದೇ ಬೆಂಕಿಯ ಪಕ್ಕ ಕಣ್ಣು ಬಿಡುತ್ತೀರಿ. ಲೆವೆಲ್ ಏರುವುದಿಲ್ಲ, ಆಯುಧ ಸಿಗುವುದಿಲ್ಲ. ಮುಂದಿನ ಸುತ್ತಿನಲ್ಲಿ ಜೊತೆಗೆ ಬರುವುದು ನೀವು ತಿಳಿದುಕೊಂಡದ್ದು ಮಾತ್ರ. ಎರಡು ಅವಳಿ ಗ್ರಹಗಳಿವೆ. ಒಂದರ ಮರಳು ಇನ್ನೊಂದಕ್ಕೆ ಸುರಿಯುತ್ತಲೇ ಇರುತ್ತದೆ. ಹಾಗಾಗಿ ಬೇಗ ಹೋದರೆ ತೆರೆದಿರುವ ಗುಹೆ ತಡವಾಗಿ ಹೋದರೆ ಮುಚ್ಚಿಹೋಗಿರುತ್ತದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ನೀವೇ ಗಮನಿಸಬೇಕು. ಎಲ್ಲ ಗೊತ್ತಿದ್ದರೆ ಒಂದೇ ಸುತ್ತಿನಲ್ಲಿ ಮುಗಿಸಬಹುದು. ಅಂದರೆ ಇದನ್ನು ಮೊದಲ ಸಲ ಆಡುವ ಖುಷಿ ಜೀವನದಲ್ಲಿ ಒಂದೇ ಸಲ. ಅದಕ್ಕೇ ಕೈ ಮುಗಿದು ಕೇಳುತ್ತೇನೆ, ದಯವಿಟ್ಟು ಗೇಮ್ ಮುಗಿಸುವ ದಾರಿ ಹೇಳಿಕೊಡುವ ವಾಕ್‌ಥ್ರೂ ನೋಡಬೇಡಿ. ದಾರಿ ತಪ್ಪಿದ ಹಾಗೆ ಅನಿಸಿದರೆ ನೌಕೆಯೊಳಗಿನ ದಾಖಲೆ ತೆಗೆದು ನೋಡಿ. ಎಲ್ಲಿ ಇನ್ನೂ ನೋಡುವುದು ಬಾಕಿ ಇದೆ ಅಂತ ಅದೇ ಹೇಳುತ್ತದೆ.

ಇದೇ ಜಾತಿಯ ಇನ್ನೊಂದು, ರಿಟರ್ನ್ ಆಫ್ ದಿ ಓಬ್ರಾ ಡಿನ್. ಲ್ಯೂಕಸ್ ಪೋಪ್ 2018ರಲ್ಲಿ ತಂದದ್ದು. ಕಾಲ 1807. ಹಡಗು ವಾಪಸು ಬಂದಿದೆ, ಅದರಲ್ಲಿ ಬದುಕಿರುವವರು ಯಾರೂ ಇಲ್ಲ. 60 ಜನರಲ್ಲಿ ಯಾರು ಯಾರು, ಯಾರಿಗೆ ಏನಾಯಿತು ಅಂತ ವಿಮೆಯ ಲೆಕ್ಕಕ್ಕೆ ನೀವು ಬರೆಯಬೇಕು. ಸಾವಿನ ಕ್ಷಣವೊಂದು ಕಣ್ಣೆದುರು ನಿಂತುಬಿಡುತ್ತದೆ, ಅದರೊಳಗೆ ಓಡಾಡುತ್ತೀರಿ. ಮಾತಿನ ಧಾಟಿ, ತೊಟ್ಟ ಬಟ್ಟೆ, ಯಾರ ಪಕ್ಕ ಯಾರು ನಿಂತಿದ್ದಾರೆ, ಎಲ್ಲವೂ ಸುಳಿವೇ. ಮೂರು ಉತ್ತರ ಒಟ್ಟಿಗೆ ಸರಿಯಾದಾಗ ಮಾತ್ರ ಗೇಮ್ ಒಪ್ಪಿಕೊಳ್ಳುತ್ತದೆ. ಈ ಮೂರರ ನಿಯಮ ನನಗೆ ತುಂಬಾ ಇಷ್ಟ. ಸುಮ್ನೆ ಊಹೆ ಹೊಡೆಯುತ್ತಾ ಹೋಗುವುದಕ್ಕೆ ಅದು ಸುಲಭವಾಗಿ ಬಿಡುವುದಿಲ್ಲ. ಪೆನ್ನು, ಕಾಗದ ಪಕ್ಕದಲ್ಲಿ ಇಟ್ಟುಕೊಳ್ಳಿ.

"ನನ್ನ ಕೈ ಅಷ್ಟು ಚುರುಕಿಲ್ಲ, ಸತ್ತು ಸತ್ತು ಸುಸ್ತಾಗಿ ಬಿಟ್ಟೆ" ಅನ್ನುವವರೇ ಜಾಸ್ತಿ. ಅವರಿಗೂ ನಾನು ಹೇಳುವುದು ಸೆಲೆಸ್ಟ್, ಜಿಗಿಯುತ್ತಾ ಬೆಟ್ಟ ಹತ್ತುವ 2018ರ ಗೇಮ್. ಅದು ಕಷ್ಟದ್ದೇ, ಆದರೆ ಆಡುವವರ ಪರ ನಿಂತಿರುವ ಗೇಮ್. ಅಂಚಿನಿಂದ ಕಾಲು ಜಾರಿದ ಮೇಲೂ ಕಣ್ಣು ಮಿಟುಕಿಸುವಷ್ಟು ಹೊತ್ತು ಜಂಪ್ ಬಟನ್ ಕೆಲಸ ಮಾಡುತ್ತದೆ. ಸತ್ತರೆ ಅದೇ ಪರದೆಯಲ್ಲಿ ತಕ್ಷಣ ಮತ್ತೆ ಶುರು. ಅದೂ ಸಾಲದಿದ್ದರೆ ಅಸಿಸ್ಟ್ ಮೋಡ್ ಇದೆ. ಗೇಮ್‌ನ ವೇಗ ಇಳಿಸಬಹುದು, ಸಾಯದ ಹಾಗೆಯೂ ಮಾಡಿಕೊಳ್ಳಬಹುದು. ಅದನ್ನು ಹಾಕಿಕೊಂಡು ಆಡಿದರೆ ಆಡಿದ ಹಾಗಲ್ಲ ಅನ್ನುವವರ ಮಾತು ಕೇಳಬೇಡಿ. ಮಾಡಿದವರೇ ಒಳಗಿಟ್ಟಿದ್ದಾರೆ, ಬಳಸುವುದಕ್ಕೇ ಅಲ್ವಾ?

ಅದೃಷ್ಟ ಕೈಕೊಟ್ಟು ಸೋತೆ ಅಂತ ಸಿಟ್ಟಾಗಿ ಬಿಟ್ಟವರಿಗೆ ಇನ್‌ಟು ದಿ ಬ್ರೀಚ್. ಚದುರಂಗದ ಹಾಗೆ 8 ಸಾಲು, ಸಾಲಿಗೆ 8 ಮನೆಯ ಚಿಕ್ಕ ಹಾಸು. ಶತ್ರು ಎಲ್ಲಿ ಹೊಡೆಯುತ್ತಾನೆ ಅಂತ ಮೊದಲೇ ತೋರಿಸುತ್ತಾರೆ. ಅವನನ್ನು ಕೊಲ್ಲುವುದಕ್ಕಿಂತ ಒಂದು ಮನೆ ಪಕ್ಕಕ್ಕೆ ತಳ್ಳಿ, ಅವನ ಏಟು ಅವನ ಜೊತೆಯವನಿಗೇ ಬೀಳುವಂತೆ ಮಾಡುವುದರಲ್ಲಿ ಮಜಾ ಇದೆ. ಸೋತರೆ ಬಹುಮಟ್ಟಿಗೆ ಅದು ನಿಮ್ಮದೇ ಲೆಕ್ಕಾಚಾರ.

ಸಮಯವಿಲ್ಲ ಅನ್ನುವವರಿಗೆ ಎ ಶಾರ್ಟ್ ಹೈಕ್. ಫೋನ್ ಸಿಗ್ನಲ್ ಹುಡುಕುತ್ತಾ ಬೆಟ್ಟ ಹತ್ತುವ ಒಂದು ಹಕ್ಕಿಯ ಕತೆ. ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಬೇರೆ ಏನೂ ಹೇಳುವುದಿಲ್ಲ, ಆಡಿ.

ಕೀಟಗಳ ಹಾಳುಬಿದ್ದ ರಾಜ್ಯದಲ್ಲಿ ಅಲೆದಾಡುತ್ತಾ ಹೋರಾಡುವ ಗೇಮ್ ಹಾಲೋ ನೈಟ್, ಅದು ಶುರುವಿನಲ್ಲೇ ಬೇಜಾರಾಯಿತು ಅಂತ ಹೇಳುವವರೂ ಇದ್ದಾರೆ. ಅದನ್ನು ಪ್ರಾಣದಂತೆ ಪ್ರೀತಿಸುವ ನನಗೂ ಆ ದೂರು ಅರ್ಥವಾಗುತ್ತದೆ. ಮೊದಲ ಹೊತ್ತಿನಲ್ಲಿ ನಡಿಗೆ ನಿಧಾನ, ಮ್ಯಾಪ್ ಕೂಡ ದುಡ್ಡು ಕೊಟ್ಟೇ ತೆಗೆದುಕೊಳ್ಳಬೇಕು. ಹಸಿರು ತುಂಬಿದ ಗ್ರೀನ್‌ಪಾತ್ ಅನ್ನುವ ಜಾಗದಲ್ಲಿ ಎದುರಾಗುವ ಹಾರ್ನೆಟ್‌ಳನ್ನು ಸೋಲಿಸುವವರೆಗೆ ತಾಳಿಕೊಳ್ಳಿ. ಅಲ್ಲಿ ಮುಂದಕ್ಕೆ ನುಗ್ಗುವ ಶಕ್ತಿ ಸಿಗುತ್ತದೆ, ಓಡಾಟವೇ ಬದಲಾಗುತ್ತದೆ. ಅಷ್ಟಾದ ಮೇಲೂ ಮನಸ್ಸು ಎಳೆಯದಿದ್ದರೆ ಬೇಸರವಿಲ್ಲದೆ ಬಿಟ್ಟುಬಿಡಿ. ಎಳೆದರೆ, ಇದರ ಮುಂದಿನ ಗೇಮ್ ಆಗಿ 2025ರಲ್ಲಿ ಬಂದ ಸಿಲ್ಕ್‌ಸಾಂಗ್ ಕೂಡ ಇದೆ. ಅದು ಇದಕ್ಕಿಂತ ಕಠಿಣ, ಹಾಗಾಗಿ ಇದನ್ನು ಮುಗಿಸಿಯೇ ಅದಕ್ಕೆ ಹೋಗಿ.