ಕಣ್ಣಿಗೆ ಆರು, ಕಿವಿಗೆ ಸೊನ್ನೆ

ನಿನ್ನೆ ಸಂಜೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾಫಿ ಕುಡಿಯುತ್ತಾ, ನಾನು ಮಾಡಿದ ಹೊಸ ವೆಬ್ ಪುಟವನ್ನು ಗೆಳೆಯನ ಮುಂದಿಟ್ಟೆ. ಅವನಿಗೆ ಕಣ್ಣು ಕಾಣುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ತಂತ್ರಾಂಶ ಪರದೆಯಲ್ಲಿರುವುದನ್ನು ಓದಿ ಹೇಳುತ್ತದೆ. ಎಚ್ ಕೀಲಿ ಒತ್ತಿದರೆ ಅದು ಮುಂದಿನ ತಲೆಬರಹಕ್ಕೆ ಹಾರಬೇಕು. ಒತ್ತಿದ. ತಲೆಬರಹವೇ ಇಲ್ಲವೆಂದಿತು. ಪರದೆಯ ಮೇಲೋ, ದಪ್ಪಕ್ಷರದಲ್ಲಿ ಆರು ತಲೆಬರಹಗಳು ಮೆರೆಯುತ್ತಿದ್ದವು! ಎಲ್ಲವೂ ಬರೀ ಡಿವ್‌ಗಳು, ಅಂದರೆ ಒಳಗೇನಿದೆ ಎಂದು ಹೇಳದ ಬರಿಯ ಡಬ್ಬಿಗಳು. ‘ಇದು ತಲೆಬರಹ’ ಎಂದು ಸಾರುವ ಎಚ್2 ಗುರುತು ಬರೆಯಬೇಕಾದಲ್ಲಿ, ಪುಟದ ನೋಟವನ್ನಷ್ಟೇ ತಿದ್ದುವ ಸಿಎಸ್‌ಎಸ್‌ನಿಂದ ಅಕ್ಷರ ಹಿಗ್ಗಿಸಿ ಕೈತೊಳೆದುಕೊಂಡಿದ್ದೆ.

ಇನ್ನೊಂದು ಎಡವಟ್ಟು: ಚೆಂದ ಕಾಣಲೆಂದು ‘ನೋಂದಾಯಿಸಿ’ ಗುಂಡಿಯನ್ನು ಸಿಎಸ್‌ಎಸ್‌ನ ಜೋಡಣೆಯ ವಿಧಾನವಾದ ಫ್ಲೆಕ್ಸ್‌ಬಾಕ್ಸಿನ ‘ಆರ್ಡರ್’ ಬಳಸಿ ಮೇಲಕ್ಕೆ ತಂದಿದ್ದೆ. ಆರ್ಡರ್ ಬದಲಿಸುವುದು ನೋಟವನ್ನು ಮಾತ್ರ. ಒಂದರಿಂದ ಇನ್ನೊಂದಕ್ಕೆ ಸಾಗಿಸುವ ಟ್ಯಾಬ್ ಕೀಲಿಗೆ ಆ ಗುಂಡಿ ಕೊನೆಯದೇ. 1996ರಲ್ಲಿ ಸಿಎಸ್‌ಎಸ್ ಬಂದದ್ದೇ ಅರ್ಥವನ್ನೂ ಅಲಂಕಾರವನ್ನೂ ಬೇರೆ ಬೇರೆ ಇಡಲು ಎಂದು ಹೊಸಬರಿಗೆ ಪಾಠ ಹೇಳುವವನು ನಾನು. ನಗಬೇಡಿ.

ಹಾಗೆಂದು ಡಿವ್ ಮುಟ್ಟಲೇಬಾರದೆಂಬ ಮಡಿ ನನಗಿಲ್ಲ. ಎರಡು ಅಂಕಣಗಳನ್ನು ಅಕ್ಕಪಕ್ಕ ಕೂರಿಸಲು ಸುತ್ತ ಒಂದು ಡಬ್ಬಿ ಬೇಕಾಗುತ್ತದೆ, ಅದಕ್ಕೆ ಅರ್ಥವಿರಬೇಕಿಲ್ಲ.

ರಾತ್ರಿ ಆರನ್ನೂ ಎಚ್2 ಮಾಡಿ ಕಳುಹಿಸಿದೆ. ಬೆಳಿಗ್ಗೆ ಅವನ ಸಂದೇಶ: “ಈಗ ಹಾರುತ್ತಿದೆ ಕಣೋ. ಗುಂಡಿ ಮಾತ್ರ ಇನ್ನೂ ಕೊನೆಯಲ್ಲೇ ಇದೆ.”