ಅಂಗಳದಲ್ಲಿ ಓಡುವ ನೈಟ್ರೊ ದೋಣಿ ಕೆರೆಯಲ್ಲಿ ಯಾಕೆ ನಿಲ್ಲುತ್ತದೆ?

ಶಿವಮೊಗ್ಗದ ಸುತ್ತಮುತ್ತ ನೈಟ್ರೊ ದೋಣಿಯ, ಅಂದರೆ ಮೆಥನಾಲ್, ನೈಟ್ರೊಮಿಥೇನ್ ಬೆರೆತ ಇಂಧನದ ಸಣ್ಣ ಎಂಜಿನ್ ಇರುವ ರಿಮೋಟ್ ದೋಣಿಯ ಹುಚ್ಚಿರುವವರು ಯಾರೇ ಸಿಕ್ಕರೂ ಕೇಳುವುದು ಇದನ್ನೇ. "ಅಣ್ಣಾ, ಮನೆ ಅಂಗಳದಲ್ಲಿ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತೆ, ಕೆರೆಗೆ ಬಿಟ್ಟರೆ ಸ್ವಲ್ಪ ದೂರ ಹೋಗಿ ನಿಂತುಬಿಡುತ್ತೆ. ಎಂಜಿನ್ ಹೋಯ್ತಾ?"

ಹೋಗಿರುವುದಿಲ್ಲ. ಎಂಜಿನ್‌ಗೆ ಎಷ್ಟು ಇಂಧನ ಹೋಗಬೇಕು ಅಂತ ನಿಗದಿ ಮಾಡುವ ಕಾರ್ಬೊರೇಟರ್ ತಿರುಪನ್ನು, ಅಂದರೆ ನೀಡಲ್ ಅನ್ನು, ಅಂಗಳದಲ್ಲೇ ಹೊಂದಿಸಿದ್ದು ತೊಂದರೆ, ಅಷ್ಟೆ. ಅಲ್ಲಿ ಪ್ರೊಪೆಲ್ಲರ್ ಬರೀ ಗಾಳಿಯಲ್ಲಿ ತಿರುಗುತ್ತದೆ, ಎಂಜಿನ್ ಮೇಲೆ ಭಾರವೇ ಇಲ್ಲ. ಜೊತೆಗೆ ಎಂಜಿನ್ ತಲೆಯನ್ನು ತಣ್ಣಗಿಡುವುದು ಕೆರೆಯ ನೀರು, ಅದೂ ಅಂಗಳದಲ್ಲಿ ಇಲ್ಲ. ಹಾಗಾಗಿ ಅಲ್ಲಿ ಸ್ಟಾರ್ಟ್ ಆಗುತ್ತಾ ಅಂತ ಕೆಲವು ಸೆಕೆಂಡ್ ನೋಡಿ, ಆರಿಸಿ. ಟ್ಯೂನಿಂಗ್ ಎಲ್ಲ ದಡದಲ್ಲಿ.

ಪೂರ್ತಿ ವೇಗದ ಇಂಧನವನ್ನು ನಿಗದಿ ಮಾಡುವ ಹೈ ಸ್ಪೀಡ್ ನೀಡಲ್ ಮೊದಲು ಸ್ವಲ್ಪ ಜಾಸ್ತಿಯೇ ತೆರೆದಿರಲಿ. ಹೊಗೆ ದಟ್ಟವಾಗಿ ಬರುತ್ತದೆ, ವೇಗ ಕಮ್ಮಿ ಇರುತ್ತದೆ, ಇರಲಿ ಬಿಡಿ. ಒಂದು ರೌಂಡ್ ಓಡಿಸಿ, ದಡಕ್ಕೆ ತಂದು, ಎಂಟನೇ ಒಂದು ಸುತ್ತಿನಷ್ಟು ಮಾತ್ರ ಬಿಗಿ ಮಾಡಿ, ಮತ್ತೆ ಬಿಡಿ. ಹೀಗೇ ಮಾಡುತ್ತಾ ಹೋದರೆ ಸದ್ದು ತಿಳಿಯಾಗುತ್ತಾ ಬರುತ್ತದೆ. ಇನ್ನೂ ಸ್ವಲ್ಪ ವೇಗ ಸಿಗಬಹುದು ಅನ್ನಿಸುವಾಗಲೇ ನಿಲ್ಲಿಸಿ, ಯಾಕೆಂದರೆ ನೇರ ಓಟದಲ್ಲಿ ದೋಣಿ ನೀರಿನಿಂದ ಮೇಲೆದ್ದು ಪ್ರೊಪೆಲ್ಲರ್ ಹಗುರಾಗುತ್ತದೆ, ಎಂಜಿನ್ ಇನ್ನೂ ಜೋರಾಗಿ ತಿರುಗುತ್ತದೆ, ಆಗ ಇಂಧನ ಸಾಲದೇ ಹೋದರೆ ಪಿಸ್ಟನ್ ಸುಡುತ್ತದೆ. ಇಂಧನದಲ್ಲೇ ಬೆರೆತಿರುವ ಎಣ್ಣೆ ಬಿಟ್ಟರೆ ಈ ಎಂಜಿನ್‌ಗೆ ಬೇರೆ ಎಣ್ಣೆ ಇಲ್ಲ. ಎಷ್ಟೇ ವೇಗದಲ್ಲಿದ್ದರೂ ಹಿಂದೆ ಸಣ್ಣ ಹೊಗೆ ಕಾಣುತ್ತಲೇ ಇರಬೇಕು.

ನಿಂತಾಗ ಹೇಗೆ ನಿಂತಿತು ಅನ್ನುವುದನ್ನು ಕಿವಿಗೊಟ್ಟು ಕೇಳಿ. ಗೊರಗೊರ ಅಂದು ಹೊಗೆ ಕಾರಿ ನಿಂತರೆ ಇಂಧನ ಜಾಸ್ತಿ. ಕೀರಲು ದನಿ ಏರಿ ಗಕ್ಕನೆ ನಿಂತರೆ ಕಮ್ಮಿ. ಆದರೆ ನೀಡಲ್ ಮುಟ್ಟುವ ಮೊದಲು ಟ್ಯಾಂಕಿನಿಂದ ಬರುವ ಸಿಲಿಕೋನ್ ಪೈಪ್ ನೋಡಿ. ಒಳಗೆ ಗುಳ್ಳೆ ಓಡುತ್ತಿದ್ದರೆ ಎಲ್ಲೋ ತೂತಾಗಿದೆ, ಎಷ್ಟು ತಿರುಗಿಸಿದರೂ ಸರಿಹೋಗುವುದಿಲ್ಲ. ಎಂಜಿನ್ ತಣ್ಣಗಿಟ್ಟ ನೀರು ದೋಣಿಯ ಪಕ್ಕದ ತೂತಿನಿಂದ ಚಿಮ್ಮುತ್ತಿದೆಯಾ ಅಂತಲೂ ನೋಡಿ. ನಮ್ಮ ಕೆರೆಗಳಲ್ಲಿ ಜೊಂಡು, ಪಾಚಿ ಜಾಸ್ತಿ, ಆ ನೀರು ಹೋಗುವ ಸಣ್ಣ ಕೊಳವೆ ಬೇಗ ಕಟ್ಟಿಕೊಳ್ಳುತ್ತದೆ. ಬಾಯಲ್ಲಿ ಊದಿದರೆ ಗೊತ್ತಾಗುತ್ತದೆ.

ಡಿಸೆಂಬರ್ ಬೆಳಿಗ್ಗೆ ಗಾಳಿ ತಣ್ಣಗೆ, ದಟ್ಟವಾಗಿರುತ್ತದೆ, ಆಗ ನೀಡಲ್ ಚೂರು ಜಾಸ್ತಿ ತೆರೆಯಬೇಕು. ಏಪ್ರಿಲ್ ಮಧ್ಯಾಹ್ನಕ್ಕೆ ಅದೇ ಸೆಟ್ಟಿಂಗ್ ನಡೆಯುವುದಿಲ್ಲ.

ಮಲೆನಾಡಿನಲ್ಲಿ ಈ ಎಂಜಿನ್‌ಗಳು ಹಾಳಾಗುವುದು ಓಡುವಾಗಲ್ಲ, ಕಪಾಟಿನಲ್ಲಿ. ಮಳೆಗಾಲದಲ್ಲಿ ಬೆಲ್ಟಿಗೇ ಬೂಸ್ಟು ಹಿಡಿಯುವ ಊರಿದು. ಇಂಧನದಲ್ಲಿರುವ ಮೆಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಉಳಿದ ಇಂಧನ ಒಳಗೇ ಇದ್ದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಓಟ ಮುಗಿದ ಮೇಲೆ ಇಂಧನದ ಪೈಪ್ ಚಿವುಟಿ ಹಿಡಿದು ಉಳಿದದ್ದೆಲ್ಲ ಉರಿದು ನಿಲ್ಲಲಿ, ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಲೆಯ ಮೇಲಿರುವ, ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಬಿಚ್ಚಿ, ಓಟದ ನಂತರ ತುಕ್ಕು ತಡೆಯಲು ಹಾಕುವ ಆಫ್ಟರ್ ರನ್ ಎಣ್ಣೆ ನಾಲ್ಕು ಹನಿ ಬಿಟ್ಟು ಕೈಯಲ್ಲಿ ತಿರುಗಿಸಿ. ಎಂಜಿನ್‌ನಿಂದ ಪ್ರೊಪೆಲ್ಲರ್‌ಗೆ ತಿರುಗುವಿಕೆ ಒಯ್ಯುವ ಬಾಗುವ ತಂತಿ, ಅಂದರೆ ಫ್ಲೆಕ್ಸ್ ಶಾಫ್ಟ್ ಹೊರಗೆಳೆದು ಒರೆಸಿ, ನೀರಿಗೆ ಜಗ್ಗದ ಗ್ರೀಸ್ ಹಚ್ಚಿ. ಇಂಧನದ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಮಕ್ಕಳ ಕೈಗೆ ಸಿಗದಿರಲಿ, ಮೆಥನಾಲ್ ವಿಷ, ಅದರ ಬೆಂಕಿ ಬೆಳಕಿನಲ್ಲಿ ಕಣ್ಣಿಗೂ ಕಾಣುವುದಿಲ್ಲ.

ತುಂಗೆಯಲ್ಲಿ ಮಾತ್ರ ಬಿಡಬೇಡಿ. ಎಣ್ಣೆ ಹೊಗೆಯ ಜೊತೆ ನೀರಿಗೂ ಬೀಳುತ್ತದೆ, ಅದು ಊರು ಕುಡಿಯುವ ನೀರು. ಮಂಡಗದ್ದೆ ಕಡೆಯಂತೂ ಬೇಡವೇ ಬೇಡ, ಹಕ್ಕಿಗಳು ಗೂಡು ಕಟ್ಟುವ ಜಾಗ. ಪರಿಚಯದವರ ತೋಟದ ಹೊಂಡವಿದ್ದರೆ ಕೇಳಿಕೊಂಡು ಓಡಿಸಿ, ಅದರಲ್ಲಿ ಮೀನು ಬಿಟ್ಟಿಲ್ಲ ತಾನೇ ಅಂತ ಮೊದಲು ಕೇಳಿ.