ಮಳೆಗಾಲದ ಭಯ

ಮಂಗಳೂರಿನಲ್ಲಿ ಮಳೆ ಹಿಡಿದರೆ ಸಾಕು, ಪೇಪರಿನಲ್ಲಿ ಡೆಂಗ್ಯೂ, ಮಲೇರಿಯಾ, ಇಲಿಜ್ವರದ ಸುದ್ದಿ ಶುರು. ಹೆಚ್ಚಿನವರು ಓದಿ ಮಡಚಿಡುತ್ತಾರೆ. ಓಸಿಡಿ, ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು ಒಂದೇ ಕೆಲಸವನ್ನು ಪದೇ ಪದೇ ಮಾಡಿಸುವ ಮಾನಸಿಕ ಕಾಯಿಲೆ, ಇರುವ ನನ್ನಂಥವರನ್ನು ಆ ಸುದ್ದಿ ಇಡೀ ದಿನ ಬಿಡುವುದಿಲ್ಲ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ನಿಂತ ನೀರು ಕಾಲಿಗೆ ಹಾರಿದರೆ ತಲೆಯೊಳಗೆ ಪ್ರಶ್ನೆಗಳ ಸಾಲು. ಅದಕ್ಕೆ ಇಲಿಯ ಮೂತ್ರ ಸೇರಿರಬಹುದಾ? ಕಾಲಲ್ಲಿ ಎಲ್ಲಾದರೂ ಗೀರು ಇದೆಯಾ? ಮನೆಗೆ ಬಂದು ತೊಳೆದು, ಮತ್ತೆ ತೊಳೆದು, ಬೆರಳ ಸಂದಿಗೆ ಟಾರ್ಚ್ ಬಿಟ್ಟು ನೋಡುವುದು. ಸಾಬೂನು ಉಜ್ಜಿ ಉಜ್ಜಿ ಚರ್ಮ ಬಿರಿಯುತ್ತದೆ. ಆ ಬಿರುಕಿನಿಂದಲೇ ರೋಗ ಒಳಗೆ ಬಂದರೆ ಅಂತ ಇನ್ನೊಂದು ಭಯ.

ಇಲಿಜ್ವರ ನಿಜವಾದ ಕಾಯಿಲೆಯೇ. ಎಚ್ಚರ ಬೇಕು, ಅಲ್ವಾ? ಆದರೆ ಎಚ್ಚರ ಒಂದು ಸಲ ತೊಳೆದರೆ ಮುಗಿಯುತ್ತದೆ, ಓಸಿಡಿ ಮುಗಿಯುವುದಿಲ್ಲ. ತೊಳೆದಾಗ ಸಿಗುವ ಆ ಕ್ಷಣದ ಸಮಾಧಾನವೇ ಭಯಕ್ಕೆ ಅನ್ನ ಹಾಕುತ್ತದೆ. ಮನೆಯವರು ಪ್ರೀತಿಯಿಂದ ಪದೇ ಪದೇ "ಏನೂ ಆಗಲ್ಲ" ಅನ್ನುವುದೂ ಹಾಗೆಯೇ.

ಇದಕ್ಕೆ ಚಿಕಿತ್ಸೆ ಇದೆ. ಔಷಧಿ ಉಂಟು, ಇಆರ್‌ಪಿ (ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಶನ್) ಅನ್ನುವ ಥೆರಪಿ ಉಂಟು. ಆ ಥೆರಪಿಯಲ್ಲಿ ಭಯ ಹುಟ್ಟಿಸುವುದನ್ನು ಮುಟ್ಟಬೇಕು, ತೊಳೆಯದೆ ಕೂರಬೇಕು. ಕೇಳಲು ಸುಲಭ. ಇವತ್ತು ಬಸ್ಸಿನ ಕಂಬಿ ಹಿಡಿದ ಕೈಯಲ್ಲೇ ಮೊಬೈಲ್ ಹಿಡಿದು ಕೂತೆ. ಜ್ಯೋತಿ ಸ್ಟಾಪ್ ಬರುವವರೆಗೂ ಎದೆ ಹೊಡೆದುಕೊಳ್ಳುತ್ತಿತ್ತು. ಕಂಕನಾಡಿ ದಾಟುವಾಗ ಸ್ವಲ್ಪ ಇಳಿಯಿತು. ತಾನಾಗಿಯೇ ಇಳಿಯಿತು, ಸ್ಯಾನಿಟೈಸರ್ ಬ್ಯಾಗಿನಲ್ಲೇ ಇತ್ತು. ತುಂಬಾ ಖುಷಿಯಾಯಿತು.

ಯಾರಾದರೂ ಇದೇ ಪಾಡು ಪಡುತ್ತಿದ್ದರೆ ಸುಮ್ನೆ ಒಬ್ಬರೇ ಒದ್ದಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.